ನನ್ನ ಮೇಲೆ ಬಿದ್ದ ಏಳನೆಯ ಪದ

ಕೋಬೆಯಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ಯಹೂದಿ ಮುದುಕರಿದ್ದಾರೆ. ಒಂದು ಕಾಲದಲ್ಲಿ ಮುತ್ತಿನ ವ್ಯಾಪಾರಿ, ಈಗ ಎಂಬತ್ತು ದಾಟಿದೆ. ಮಕ್ಕಳಿಲ್ಲ. ಹೆಂಡತಿಯನ್ನು ಗುಡ್ಡದ ಮೇಲಿರುವ ವಿದೇಶಿಯರ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಬಾಟಲಿಯನ್ನು ಮುಚ್ಚಳ ತೆಗೆಯದೆ ಕಸಕ್ಕೆ ಹಾಕಿದೆನೆಂದು ಒಂದು ಬೆಳಿಗ್ಗೆ ನನ್ನನ್ನು ಹಿಡಿದು ಬೈದರು. ಪರಿಚಯವಾದದ್ದು ಹಾಗೆ. ನನ್ನ ಮಗಳು ಅವರನ್ನು ಓಜೀಸಾನ್, ಅಂದರೆ ಅಜ್ಜ, ಎನ್ನುತ್ತಾಳೆ. ನಾನೂ ಹಾಗೇ ಕರೆಯುತ್ತೇನೆ. ಅವರು ನನ್ನನ್ನು ಕೆಣಕುವುದಕ್ಕೆ ಪ್ರೊಫೆಸರ್ ಎನ್ನುತ್ತಾರೆ. ನಾವು ಮಾತಾಡುವುದು ಇಂಗ್ಲಿಷು ಜಪಾನಿ ಎರಡೂ ಕಲಸಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಪ್ರೊಫೆಸರಲ್ಲ. ಟೆಲಿಸ್ಕೋಪು ತೆಗೆದ ಚಿತ್ರಗಳಲ್ಲಿ ಗೆಲಾಕ್ಸಿಗಳನ್ನು ಎಣಿಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾದೀತು. ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಅಲ್ಲಿ ಮೂಟೆಗಳನ್ನು ಎಣಿಸುತ್ತಿದ್ದರು, ಹೊತ್ತವರನ್ನಲ್ಲ. ಮದುವೆಮನೆಗಳಲ್ಲೂ ನಮಗೆ ಕೊನೆಯ ಪಂಕ್ತಿ, ಅದೂ ಸಾರು ಮಿಕ್ಕಿದ್ದರೆ. ಅಂಥ ಮನೆಯಿಂದ ಬಂದವನಿಗೆ ಯಾರಾದರೂ ಎಣಿಕೆಗೆ ತೆಗೆದುಕೊಂಡರೆ ಹೊಟ್ಟೆಯೊಳಗೆ ಏನೋ ಬೆಚ್ಚಗಾಗುತ್ತದೆ. ಈ ವಯಸ್ಸಿನಲ್ಲೂ.

ಒಂದು ಭಾನುವಾರ ಅಜ್ಜನಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು.

"ಒಂದೊಂದು ಚುಕ್ಕಿಯೂ ಒಂದೊಂದು ಗೆಲಾಕ್ಸಿ ಓಜೀಸಾನ್. ಇಷ್ಟು ಚೂರು ಆಕಾಶದಲ್ಲೇ ಇಷ್ಟು. ಇದರಲ್ಲಿ ನಾವು ಯಾವ ಲೆಕ್ಕ?"

ಅವರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ದೇವರು ಇಷ್ಟೆಲ್ಲ ಮಾಡಿಟ್ಟಿದ್ದಾನೆ. ಆದರೂ ನನ್ನ ಹೆಂಡತಿಗಾಗಿ ನಾನೊಂದು ಪ್ರಾರ್ಥನೆ ಹೇಳಬೇಕಾದರೆ ಹತ್ತು ಜನ ಗಂಡಸರು ಬೇಕಂತೆ. ಒಂಬತ್ತು ಜನ ಮಹಾ ಪಂಡಿತರಿದ್ದರೂ ಆಗಲ್ಲ. ಚಪ್ಪಲಿ ಹೊಲಿಯೋರು ಹತ್ತು ಜನ ಸೇರಿದರೆ ಆಯ್ತು. ಹತ್ತನೆಯವನು ಬರೋತನಕ ನಿನ್ನ ಈ ಚುಕ್ಕಿಗಳೆಲ್ಲ ಕಾಯ್ತಾ ಕೂತಿರಬೇಕು. ಈಗ ಹೇಳು, ಯಾವುದು ದೊಡ್ಡದು?"

ಆ ಪ್ರಾರ್ಥನೆಯ ಹೆಸರು ಕದ್ದಿಶ್. ಸತ್ತವರ ವರ್ಷದ ದಿನ ಹೇಳುತ್ತಾರೆ. ಕೋಬೆಯಲ್ಲಿ ಯಹೂದಿಗಳು ಬೆರಳೆಣಿಕೆಯಷ್ಟು. ಹತ್ತು ಜನರನ್ನು ಕೂಡಿಸಲು ಅಜ್ಜ ತಿಂಗಳ ಮೊದಲೇ ಫೋನು ಹಿಡಿದು ಕೂರುತ್ತಿದ್ದರು. ನಾನು ಹುಂಬನಂತೆ, "ನಾನೂ ಬರುತ್ತೇನೆ, ಒಬ್ಬ ಹೆಚ್ಚಾಗಲಿ" ಅಂದೆ.

"ಬಾ, ಛತ್ರಿ ಹಿಡಿ. ಆದರೆ ನೀನು ಯಹೂದಿ ಅಲ್ಲವಲ್ಲಪ್ಪ. ಎಣಿಕೆಗೆ ಬರಲ್ಲ."

ಅವರು ನೆಟ್ಟಗೆ ಹೇಳಿದರು, ನಾನೂ ತಲೆಯಾಡಿಸಿದೆ. ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ. ಅದಕ್ಕೇ ಇದನ್ನು ಮೊದಲೇ ಬರೆದಿಟ್ಟೆ.

ಆ ವರ್ಷ ಅವರ ಹೆಂಡತಿಯ ದಿನಕ್ಕೆ ಸರಿಯಾಗಿ ಟೈಫೂನ್ ಬಂತು. ಅವರ ಲೆಕ್ಕದಲ್ಲಿ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ಅಷ್ಟರೊಳಗೆ, ಸಂಜೆಗೆ ಮುಂಚಿನ ಪ್ರಾರ್ಥನೆಯಲ್ಲಿ ಕದ್ದಿಶ್ ಹೇಳಬೇಕು. ನಾನು ರೇನ್‌ಕೋಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

"ರೀ, ವಾರ್ನಿಂಗ್ ಬಂದಿದೆ, ಸಂಜೆ ಟ್ರೇನೂ ಸ್ಟಾಪ್ ಮಾಡ್ತಾರಂತೆ. ಈ ಮಳೇಲಿ ಎಲ್ಲಿಗೆ?"

"ಅಜ್ಜನ್ನ ಕರ್ಕೊಂಡು ಹೋಗ್ಬೇಕು ಕಣೇ."

"ಕರ್ಕೊಂಡ್ ಹೋಗಿ ಬಿಟ್ ಬನ್ನಿ. ಅಲ್ಲಿ ನೀವು ಆಟಕ್ಕುಂಟು ಲೆಕ್ಕಕ್ಕಿಲ್ಲ."

ತಮಾಷೆಗೇ ಅಂದಳು. ನನಗೆ ಮಾತ್ರ ದಾರಿಯುದ್ದಕ್ಕೂ ಅದೇ ಮಾತು.

ಪ್ರಾರ್ಥನೆಯ ಮನೆ ಏರುದಾರಿಯ ತುದಿಯಲ್ಲಿತ್ತು. ಒಳಗೆ ಒದ್ದೆ ಕೋಟುಗಳ ವಾಸನೆ. ಬಾಗಿಲಲ್ಲಿ ಯಾರೋ ಕೈಗೆ ಕೊಟ್ಟ ಚಿಕ್ಕ ಟೋಪಿಯನ್ನು ತಲೆಗಿಟ್ಟುಕೊಂಡೆ. ಹಿಂದೆ ಒಂದು ಬೆಂಚಿತ್ತು, ಅಲ್ಲಿ ಕೂರಬಹುದಿತ್ತು. ನಾನು ಅವರ ಸಾಲಿನಲ್ಲೇ, ನಡುವೆ ಕೂತೆ. ಅಜ್ಜ ಕೈ ತೊಳೆಯಲು ಹೊರಗೆ ಹೋಗಿದ್ದರು.

ಆಗ ಹಿರಿಯರೊಬ್ಬರು ಎದ್ದರು. ಅಲ್ಲಿನ ಉಸ್ತುವಾರಿ ಅವರದು. ಕಣ್ಣು ಅಷ್ಟಕ್ಕಷ್ಟೆ, ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದರು. ಯಹೂದಿಗಳು ಮನುಷ್ಯರನ್ನು ಒಂದು ಎರಡು ಎಂದು ಎಣಿಸುವುದಿಲ್ಲ, ಎಣಿಸಬಾರದಂತೆ. ಹತ್ತು ಪದಗಳ ಒಂದು ವಾಕ್ಯವಿದೆ. ತಲೆಗೊಂದು ಪದ ಹೇಳುತ್ತಾ ಹೋಗುತ್ತಾರೆ, ವಾಕ್ಯ ಮುಗಿದರೆ ಜನ ಸಾಕು. ಅಜ್ಜ ನನಗೆ ಇದನ್ನು ಹೇಳಿದ್ದರು. ಹಿರಿಯರು ಬೆರಳಾಡಿಸುತ್ತಾ ಗೊಣಗಿದರು. ಮೊದಲ ಪದವನ್ನು ಹೊರಗಿದ್ದ ಅಜ್ಜನಿಗೆ ಬಾಗಿಲ ಕಡೆ ಎಸೆದರು. ಏಳನೆಯ ಪದ ನನ್ನ ಮೇಲೆ ಬಿತ್ತು. ಬೆರಳು ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ಪಕ್ಕದವನ ತಲೆಗೂ ಒಂದು ಪದ, ನನ್ನ ತಲೆಗೂ ಒಂದು ಪದ. ವಾಕ್ಯ ಪೂರ್ತಿಯಾಯಿತು.

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಪ್ರಾರ್ಥನೆಗೆ ಬರುತ್ತೇನೆಂದಿದ್ದ ಒಸಾಕಾದ ಒಬ್ಬ ಯಹೂದಿ ಸಂಶೋಧಕ, ಸ್ಟೇಷನ್ನಿನಿಂದ ಮಾತಾಡುತ್ತಿದ್ದ. ಇದೇ ಕೊನೆಯ ಟ್ರೇನಂತೆ, ಹತ್ತಲೋ ಬೇಡವೋ ಎಂದು ಕೇಳುತ್ತಿದ್ದ.

"ಬೇಡಪ್ಪ, ಮನೆಗೆ ಹೋಗು. ಆಮೇಲೆ ವಾಪಸ್ ಹೋಗೋಕೆ ಟ್ರೇನ್ ಇರಲ್ಲ. ಇಲ್ಲಿ ಜನ ಆಗಿದ್ದಾರೆ."

ಒಂದು ಮಾತು ಸಾಕಿತ್ತು. ಸುಮಿಮಾಸೆನ್, ಕ್ಷಮಿಸಿ, ಅದರಲ್ಲಿ ನಾನಿಲ್ಲ. ಈ ದೇಶದಲ್ಲಿ ದಿನಕ್ಕೆ ನೂರು ಸಲ ಸುಮಿಮಾಸೆನ್ ಎನ್ನುವ ಬಾಯಿ ಅವತ್ತು ತೆರೆಯಲಿಲ್ಲ. ಯಾರಾದರೂ ನೋಡಿಕೊಳ್ಳುತ್ತಾರೆ, ಅಜ್ಜ ಬಂದ ಮೇಲೆ ಹೇಳಿದರಾಯಿತು, ಒಂಬತ್ತೋ ಹತ್ತೋ ಈ ಬ್ರಹ್ಮಾಂಡಕ್ಕೇನು ಎಂದೆಲ್ಲ ಅಂದುಕೊಂಡೆ ಎಂದು ಆಮೇಲೆ ನನಗೆ ನಾನೇ ಕಥೆ ಕಟ್ಟಿದ್ದುಂಟು. ಆ ಗಳಿಗೆಯಲ್ಲಿ ಅದ್ಯಾವುದೂ ಇರಲಿಲ್ಲ. ನನ್ನನ್ನು ಎಣಿಸಿದ್ದರು. ನನಗೆ ಹಿತವಾಗಿತ್ತು. ಅಷ್ಟೇ.

ಅಜ್ಜ ಕೈ ಒರೆಸಿಕೊಳ್ಳುತ್ತಾ ಬಂದವರು ಸಾಲು ನೋಡಿ ನಿಂತುಬಿಟ್ಟರು.

"ಹತ್ತನೆಯವನು ಯಾರು?"

ಹಿರಿಯರು ಮತ್ತೆ ಬೆರಳೆತ್ತಿದರು. ನನ್ನ ಹತ್ತಿರ ಬಂದಾಗ ಅಜ್ಜ ಅವರ ಕೈ ಹಿಡಿದರು. "ಅವನು ನನ್ನ ಛತ್ರಿ ಹಿಡಿಯೋಕೆ ಬಂದವನು."

ಒಸಾಕಾದವನಿಗೆ ಮತ್ತೆ ಫೋನು ಮಾಡಿದರು. ಟ್ರೇನು ಹೋಗಿಯಾಗಿತ್ತು. ಟ್ಯಾಕ್ಸಿಗೆ ಉದ್ದ ಸಾಲು, ಸಿಗಲಿಲ್ಲ. ಊರಿನಲ್ಲಿದ್ದ ಇನ್ನಿಬ್ಬರನ್ನು ಕೇಳಿದರು. ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬರು ಫೋನೇ ಎತ್ತಲಿಲ್ಲ. ಒಂಬತ್ತು ಜನ ಕಾಯುತ್ತಾ ಕೂತರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪ್ರೊಫೆಸರ್, ಸೂರ್ಯ ಮುಳುಗೋದು ಎಷ್ಟೊತ್ತಿಗೆ? ನಿನ್ನ ಕಸುಬಲ್ವಾ ಅದು" ಎಂದು ಅಜ್ಜ ಕೇಳಿದರು.

ಫೋನು ನೋಡಿ ಹೇಳಿದೆ. ಇನ್ನು ಇಪ್ಪತ್ತು ನಿಮಿಷ. ಕಿಟಕಿಯಾಚೆ ಸೂರ್ಯ ಎಲ್ಲಿದ್ದ? ಬರೀ ಬೂದಿ ಬಣ್ಣ, ಗಾಳಿಯ ಸದ್ದು. ಅವರು ಮತ್ತೆ ಕೇಳಿದಾಗ ಐದು ನಿಮಿಷ. ಆಮೇಲೆ ಕೇಳಲಿಲ್ಲ. ಹೊತ್ತು ಕಳೆದಾಗ ನಾನೇ ಹೇಳಬೇಕಾಯಿತು.

"ಆಯ್ತು ಓಜೀಸಾನ್."

ಒಬ್ಬೊಬ್ಬರಾಗಿ ತಮ್ಮತಮ್ಮಷ್ಟಕ್ಕೆ ಪ್ರಾರ್ಥನೆ ಮುಗಿಸಿದ್ದರು; ಅದಕ್ಕೆ ಹತ್ತು ಜನ ಬೇಕಿಲ್ಲ. ಕದ್ದಿಶ್ ಆಗಲಿಲ್ಲ. ಅಜ್ಜ ಪುಸ್ತಕ ಮುಚ್ಚಿದರು.

ಇಳಿಯುವಾಗ ಛತ್ರಿ ತಿರುಗಿ ಮುರಿಯಿತು. ಅವರ ತೋಳು ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

"ನಿನಗೆ ಗೊತ್ತಾಗಿತ್ತಾ, ಎಣಿಸಿದ್ದು?"

"ಹೌದು."

"ಫೋನ್ ಮಾತೂ ಕೇಳಿಸ್ತಾ?"

"ಕೇಳಿಸ್ತು."

ಬಹಳ ದೂರ ನಡೆದ ಮೇಲೆ ಅಂದರು, "ನಿನ್ನ ಕಂಪ್ಯೂಟರು ಒಂದು ಚುಕ್ಕಿ ಹೆಚ್ಚಿಗೆ ಎಣಿಸಿದರೆ ಏನು ಮಾಡ್ತೀಯ?"

"ತಿದ್ದುತ್ತೇನೆ."



ಆಕಾಶವನ್ನು ನೋಡಿ ಮನುಷ್ಯ ಏನೇನೂ ಅಲ್ಲ ಎನ್ನುವುದು ನನಗೆ ಒಂದು ಬಗೆಯ ಸಮಾಧಾನವಾಗಿತ್ತು. ಯಾರ್ಡಿನ ಸಾಹುಕಾರನೂ ಏನೂ ಅಲ್ಲ, ಕೊನೆಯ ಪಂಕ್ತಿಯೂ ಏನೂ ಅಲ್ಲ. ಅಜ್ಜನ ಲೆಕ್ಕದಲ್ಲಿ ಆ ಸಮಾಧಾನಕ್ಕೆ ಜಾಗವಿಲ್ಲ. ಅಲ್ಲಿ ಒಬ್ಬ ಬರದಿದ್ದರೆ ಕೆಲಸ ನಿಲ್ಲುತ್ತದೆ, ಒಬ್ಬ ಬಾಯಿ ಬಿಡದಿದ್ದರೂ ನಿಲ್ಲುತ್ತದೆ. ನಾನು ಅಷ್ಟು ದೊಡ್ಡವನು ಎಂದು ತಿಳಿದದ್ದು, ಹಾಳು ಮಾಡಿದ ಮೇಲೆ.

ಮರುವರ್ಷ ಅವರು ನನ್ನನ್ನು ಕರೆಯಲಿಲ್ಲ. ಟ್ಯಾಕ್ಸಿಯಲ್ಲಿ ಹೋಗಿಬಂದರು. ಮಾರನೆಯ ದಿನ ಲಿಫ್ಟಿನಲ್ಲಿ ಸಿಕ್ಕರು.

"ಹನ್ನೊಂದು ಜನ ಬಂದಿದ್ದರು" ಅಂದರು.

"ಒಳ್ಳೆಯದಾಯ್ತು ಓಜೀಸಾನ್. ಹೋದ ವರ್ಷದ್ದೂ ಸೇರಿಸಿ ಹೇಳಿದಿರಾ?"

"ಹಾಗೆಲ್ಲ ಸೇರಿಸೋಕೆ ಬರಲ್ಲ."

ಅವರ ಮಹಡಿ ಬಂತು. ಇಳಿದುಹೋದರು.