ಶೀನಣ್ಣನ ಎರಡು ಕೈ

ಶೀನಣ್ಣ ಬಡಿಸುತ್ತಿದ್ದುದು ಬಲಗೈಯಲ್ಲಿ, ಬೈಯುತ್ತಿದ್ದುದು ಎಡಗೈಯಲ್ಲಿ. ತರಕಾರಿಯವನು ಬಲಿತ ಬೀನ್ಸ್ ತಂದನೆಂದರೆ ಎಡಗೈ ತಾನಾಗಿ ಮೇಲೇಳುತ್ತಿತ್ತು. ತೋರುಬೆರಳು ಗಾಳಿಯಲ್ಲಿ ಗೀರು ಎಳೆಯುತ್ತ, "ಭಯ್ಯಾ, ಯೇ ಬೀನ್ಸ್ ಹೈ ಕಿ ರಸ್ಸೀ ಹೈ?" ಎಂದು, ಇದು ಬೀನ್ಸೋ ಹಗ್ಗವೋ ಎಂದು ಕೇಳುತ್ತಿತ್ತು. ಸಿಟ್ಟು ಇಳಿದ ಕೂಡಲೇ ಅದೇ ಕೈ ಗದರಿಸಿಕೊಂಡ ಮಗುವಿನಂತೆ ಮೇಜಿನ ಕೆಳಗೆ ಹೋಗಿ ಕೂರುತ್ತಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಅವರು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಏನೋ ನೋವಿರಬೇಕು ಅಂದುಕೊಂಡಿದ್ದೆ.

ಅವರ ಹೋಟೆಲು ಆರ್.ಕೆ.ಪುರಂನ ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿತ್ತು. ಪಕ್ಕದಲ್ಲಿ ಇಸ್ತ್ರಿಯವನು, ಎದುರಿಗೆ ಬೇವಿನ ಮರ. ನಾನು ಕೇಂದ್ರ ಸರ್ಕಾರದ ನೌಕರಿ ಸಿಕ್ಕಿ ಹಾಸನದಿಂದ ಒಬ್ಬಳೇ ದೆಹಲಿಗೆ ಬಂದ ಹೊಸತು. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಗ್ಯಾಸ್ ಇನ್ನೂ ಬಂದಿರಲಿಲ್ಲ. ಮೊದಲ ದಿನ ಕನ್ನಡದಲ್ಲಿ ಕಾಫಿ ಕೇಳಿದಾಗ ಶೀನಣ್ಣ ತಲೆಯೆತ್ತಿ ಯಾವೂರು ಎಂದು ವಿಚಾರಿಸಿದರು. ಆವತ್ತಿನಿಂದ ನನ್ನ ಹೆಸರು 'ಹಾಸನ'. ಗಿರಾಕಿಗಳನ್ನೆಲ್ಲ ಅವರು ಊರಿನ ಹೆಸರಲ್ಲೇ ಕರೆಯುತ್ತಿದ್ದರು. "ಬನ್ನಿ ಹಾಸನ, ರಾಯಚೂರಿನ ಪಕ್ಕ ಜಾಗ ಉಂಟು" ಅಂದರೆ ನಾನು ಹೋಗಿ ರಾಯಚೂರಿನ ಹುಡುಗನೊಬ್ಬನ ಪಕ್ಕ ಕೂರಬೇಕು. ಗುರುಗ್ರಾಮದ ಕಂಪನಿಗಳಲ್ಲಿ ಕೆಲಸ ಮಾಡುವವರು, ಓಲ್ಡ್ ರಾಜಿಂದರ್ ನಗರದಿಂದ ಐಎಎಸ್ ಓದು ಬಿಟ್ಟು ಮೆಟ್ರೋ ಹತ್ತಿ ಬರುವವರು, ಹೀಗೆ ಭಾನುವಾರ ಅಲ್ಲಿ ಅರ್ಧ ಕರ್ನಾಟಕ ಸೇರುತ್ತಿತ್ತು.

ಅಂಥ ಒಂದು ಭಾನುವಾರವೇ ನನಗೆ ಅವರ ಎಡಗೈಯ ಗುಟ್ಟು ತಿಳಿದದ್ದು. ವಾರವೆಲ್ಲ ದೋಸೆಗೆ ಬೇರೆ ಭಟ್ಟರಿದ್ದರು. ಭಾನುವಾರ ಬೆಳಿಗ್ಗೆ ಮಾತ್ರ ಶೀನಣ್ಣ ಗಲ್ಲಾಪೆಟ್ಟಿಗೆಯನ್ನು ಹೆಂಡತಿ ಸುಮತಿಯಕ್ಕನಿಗೆ ಒಪ್ಪಿಸಿ ತಾವೇ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಆವತ್ತು ಸಪ್ಲೈಯರ್ ಎಲ್ಲೂ ಕಾಣದೆ, ಚಟ್ನಿ ಕೇಳಲು ನಾನೇ ಅಡುಗೆಮನೆಯ ಬಾಗಿಲಿಗೆ ಹೋದೆ. ಶೀನಣ್ಣನ ಬೆನ್ನು ನನ್ನ ಕಡೆಗಿತ್ತು. ಎಡಗೈಯಲ್ಲಿ ಸೌಟು. ಹಿಟ್ಟು ಕಾವಲಿಗೆ ಬಿದ್ದದ್ದಷ್ಟೇ ಕಂಡಿತು, ಅದು ಯಾವಾಗ ಅಗಲವಾಯಿತೋ ತಿಳಿಯಲಿಲ್ಲ. ಒಂದರ ಹಿಂದೆ ಒಂದು, ಎಲ್ಲೂ ದಪ್ಪವಿಲ್ಲ, ಎಲ್ಲೂ ತೂತಿಲ್ಲ. ನಾನು ಚಟ್ನಿ ಮರೆತು ನಿಂತೆ. ಅಷ್ಟರಲ್ಲಿ ಅವರು ತಿರುಗಿ ನೋಡಿದರು. ನೋಡಿದ್ದೇ ತಡ, ಸೌಟು ಬಲಗೈಗೆ ಹೋಯಿತು. ಮುಂದಿನ ದೋಸೆ ಮೂರು ಮೂಲೆಯಾಗಿ ಎದ್ದು, ಮಗುಚುವಾಗ ಹರಿಯಿತು.

"ನೋಡಿದಿರಲ್ಲ ಹಾಸನ. ಹೊರಗೆ ಹೇಳ್ಬೇಡಿ ಮಾರಾಯ್ರೆ" ಅಂದರು.

ಆಮೇಲೆ, ಜನ ಕರಗಿದ ಮೇಲೆ ಕಾಫಿ ಕುಡಿಯುತ್ತ ಅವರೇ ಕಥೆ ಹೇಳಿದರು. ಶೀನಣ್ಣ ಉಡುಪಿಯ ಹತ್ತಿರದವರು. ಈ ಹೋಟೆಲು ಮೊದಲು ಅವರ ಸೋದರಮಾವನದು. ಮೀಸೆ ಮೂಡುವ ವಯಸ್ಸಿಗೆ ಮಾವನ ಕೈಕೆಳಗೆ ಬಡಿಸಲು ಸೇರಿದವರು ಒಮ್ಮೆ ಮರೆತು ಎಡಗೈಯಲ್ಲಿ ಪಲ್ಯ ಬಡಿಸಿದ್ದರಂತೆ. ಉಣ್ಣುತ್ತಿದ್ದ ಹಿರಿಯರೊಬ್ಬರು ಎಲೆ ಬಿಟ್ಟು ಎದ್ದು ಹೋದರು. ಮಾವ ಆವತ್ತೇ ಅವರ ಎಡಗೈಯನ್ನು ಅಡುಗೆಮನೆಯ ಬಟ್ಟೆಯಿಂದ ಸೊಂಟಕ್ಕೆ ಕಟ್ಟಿದರು. ಅಭ್ಯಾಸ ತಪ್ಪುವ ತನಕ ದಿನವೂ ಹಾಗೇ ಕೆಲಸ. "ಬಡಿಸುದು, ತಿನ್ನುದು, ಬರೆಯುದು ಎಲ್ಲ ಬಲಕ್ಕೆ ಬಂತು. ದೋಸೆ ಮಾತ್ರ ಬರ್ಲಿಲ್ಲ. ಕಾವಲಿ ಗೋಡೆ ಬದಿಗೆ ಉಂಟಲ್ಲ, ಯಾರಿಗೂ ಕಾಣುದಿಲ್ಲ. ಅಲ್ಲಿ ಈ ಕೈ ಅದರ ಪಾಡಿಗೆ ಇರ್ತದೆ" ಅಂದರು. ಸಾಕಿದ ಪ್ರಾಣಿಯ ವಿಷಯ ಹೇಳಿದ ಹಾಗಿತ್ತು.

ನನಗೆ ಅವರ ಮನೆ ಎರಡನೇ ಮನೆಯಾಯಿತು. ಜ್ವರ ಬಂದರೆ ಸುಮತಿಯಕ್ಕ ಗಂಜಿ ಕಳಿಸುತ್ತಿದ್ದರು. ಗಂಜಿ ತಲುಪಿತೇ ಎಂದು ಶೀನಣ್ಣ ಫೋನ್ ಮಾಡುತ್ತಿದ್ದರು, ಉಪ್ಪು ಹೆಚ್ಚಾಗಿತ್ತೇ ಎಂದು ಮತ್ತೊಮ್ಮೆ. ಮಗಳು ಅಶ್ವಿನಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು, ನಡುನಡುವೆ ಇಂಗ್ಲಿಷ್ ಬೇರೆ. ಶೀನಣ್ಣ ಅದಕ್ಕೂ ಸುಮ್ಮನಿರುತ್ತಿರಲಿಲ್ಲ. "ನಮ್ಮ ಮನೆಯಲ್ಲಿ ಮಸಾಲೆ ದೋಸೆಯ ಭಾಷೆ" ಎಂದು ನಗುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು. ಮೊದಲು ಕಾಲು ಊದಿತು, ಆಮೇಲೆ ಊಟ ಸೇರದಾಯಿತು. ಒಂದು ದಿನ ಸುಮತಿಯಕ್ಕ ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ಸಲ ಆಸ್ಪತ್ರೆಗೆ ನೀವೂ ಬನ್ನಿ, ಇವರು ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ಮಾತ್ರ ಮನೆಗೆ ತರ್ತಾರೆ ಅಂದರು. ಹೋದೆ. ಉಳಿದ ಅರ್ಧ ಅಲ್ಲಿ ತಿಳಿಯಿತು. ಮೂತ್ರಪಿಂಡಗಳು ಸೋತಿದ್ದವು. ಇನ್ನು ಕೆಲವು ತಿಂಗಳಲ್ಲಿ ಡಯಾಲಿಸಿಸ್ ಬೇಕಾಗುತ್ತದೆ, ಅದಕ್ಕೆ ಮೊದಲೇ ಕೈಗೆ ಫಿಸ್ಟುಲಾ ಆಪರೇಷನ್ ಆಗಬೇಕು ಎಂದು ಡಾಕ್ಟರ್ ಹೇಳಿ ಆಗಲೇ ಕೆಲವು ವಾರ ಕಳೆದಿತ್ತು.

ಸರ್ಜನ್ ನಡುವಯಸ್ಸು ದಾಟಿದ ಪಂಜಾಬಿ ಹೆಂಗಸು, ನಿಧಾನ ಮಾತಿನವರು. ಹೃದಯದಿಂದ ರಭಸವಾಗಿ ರಕ್ತ ತರುವ ನಾಳವನ್ನು ಚರ್ಮದ ಕೆಳಗಿನ ಮೆತ್ತನೆಯ ನಾಳಕ್ಕೆ ಜೋಡಿಸುತ್ತೇವೆ, ಆಗ ಅದು ಉಬ್ಬಿ ಗಟ್ಟಿಯಾಗುತ್ತದೆ, ಡಯಾಲಿಸಿಸ್ಸಿನ ದಪ್ಪ ಸೂಜಿಯನ್ನು ತಡೆಯುತ್ತದೆ ಎಂದು ಅವರು ಹಿಂದಿಯಲ್ಲಿ ವಿವರಿಸಿದರು. ಹಾಗಾಗಲು ವಾರಗಟ್ಟಲೆ ಬೇಕು. ತಡಮಾಡಿದರೆ ಅವಸರದಲ್ಲಿ ಕುತ್ತಿಗೆಗೆ ನಳಿಕೆ ಹಾಕಬೇಕಾಗುತ್ತದೆ. ಆ ಕೈಯಲ್ಲಿ ಮುಂದೆ ಭಾರ ಎತ್ತಬಾರದು, ಸುಟ್ಟುಕೊಳ್ಳಬಾರದು, ಕೊಯ್ದುಕೊಳ್ಳಬಾರದು. ಆದ್ದರಿಂದ ಕೆಲಸದ ಕೈಯನ್ನು ಬಿಟ್ಟು ಇನ್ನೊಂದಕ್ಕೆ ಮಾಡುತ್ತೇವೆ.

ನೀವು ಕೆಲಸ ಮಾಡುವುದು ಯಾವ ಕೈಯಲ್ಲಿ ಎಂದು ಕೇಳಿದರು.

ಶೀನಣ್ಣ ಬಲಗೈ ಎತ್ತಿ ತೋರಿಸಿದರು. ಸುಮತಿಯಕ್ಕ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಎಡಗೈಗೆ ಎಂದು ತೀರ್ಮಾನವಾಯಿತು, ಅದರ ಸ್ಕ್ಯಾನೂ ಆಯಿತು.

ವಾಪಸು ಬರುವಾಗ ಆಟೋದಲ್ಲಿ ನಾನೇ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಅಂತ. "ಅದನ್ನು ಕೆಲಸದ ಕೈ ಅಂತ ಹೇಗೆ ಹೇಳುದು? ಹುಟ್ಟಿದಾಗಿನಿಂದ ಬೈಸಿಕೊಂಡ ಕೈ ಅದು. ತೂತು ಬೀಳುದಿದ್ರೆ ಅದಕ್ಕೇ ಬೀಳ್ಲಿ" ಅಂದರು ಶೀನಣ್ಣ. ಸುಮತಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ನೋಡತೊಡಗಿದರು.

ಆಪರೇಷನ್ನಿಗೆ ಮುಂಚಿನ ಭಾನುವಾರ ಅವರು ಎಂದಿನಂತೆ ಕಾವಲಿಗೆ ನಿಂತರು. ಆದರೆ ಆವತ್ತು ಸೌಟು ಬಲಗೈಯಲ್ಲಿತ್ತು. ಇನ್ನು ಮುಂದೆ ಹೀಗೇ ಅಂತ ರೂಢಿ ಮಾಡಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ದೋಸೆಗಳು ಒಂದು ಕಡೆ ದಪ್ಪ, ಒಂದು ಕಡೆ ಹರಕು. ರಾಯಚೂರಿನವನು ಒಂದೇ ತಿಂದು ಎದ್ದ, ಯಾವಾಗಲೂ ಇನ್ನೊಂದು ಕೇಳುತ್ತಿದ್ದವನು. ಒಳಗೆ ಹೋಗಿ ನೋಡಿದೆ. ಶೀನಣ್ಣ ಹಾಳಾದ ದೋಸೆಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದರು. ಕಾವಲಿ ಹೊಗೆಯಾಡುತ್ತಿತ್ತು. ಎಡಗೈ ಪಂಚೆಯ ಅಂಚನ್ನು ಹಿಡಿದುಕೊಂಡು ಸುಮ್ಮನಿತ್ತು. ಅವರ ಮುಖವನ್ನು ನೋಡಲಾಗದೆ ನಾನು ಹೊರಗೆ ಬಂದೆ.

ಆಪರೇಷನ್ನಿನ ದಿನ ಅಶ್ವಿನಿ ರಜೆ ಹಾಕಿ ಬಂದಿದ್ದಳು. ಹಸಿರು ಗೌನು ತೊಡಿಸಿ ಮಲಗಿಸಿದ್ದ ಶೀನಣ್ಣನ ಸುತ್ತ ನಾವು ಮೂವರೂ ನಿಂತಿದ್ದೆವು. ಸರ್ಜನ್ ಬಂದು, ಗುರುತು ಹಾಕುವ ಪೆನ್ನು ತೆಗೆದು, ಎಡಗೈ ಕೊಡಿ ಅಂದರು. ಶೀನಣ್ಣ ಕೊಡಲಿಲ್ಲ. ಕೈಯನ್ನು ಎದೆಯ ಮೇಲೆ ಮಡಿಸಿಕೊಂಡು, "ಡಾಕ್ಟರ್ ಸಾಹಬ್, ಮೈನೇ ಝೂಟ್ ಬೋಲಾ ಥಾ. ಮೇರಾ ಹಾಥ್ ಯಹೀ ಹೈ" ಅಂದರು. ಸುಳ್ಳು ಹೇಳಿದ್ದೆ, ನನ್ನ ಕೈ ಇದೇ.

ಯಾಕೆ ಸುಳ್ಳು ಹೇಳಿದಿರಿ ಎಂದು ಸರ್ಜನ್ ಕೇಳಿದರು. ಮಲಗಿದ್ದಲ್ಲಿಂದಲೇ ಶೀನಣ್ಣ ಎಲ್ಲ ಹೇಳಿದರು, ಮಾವ, ಪಲ್ಯ, ಬಟ್ಟೆಯ ಕಟ್ಟು, ಕಾವಲಿ. ಅಷ್ಟು ಉದ್ದದ ಮಾತನ್ನು ಅವರು ಹಿಂದಿಯಲ್ಲಿ ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಸರ್ಜನ್ ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ಈ ಕೈಯನ್ನು ನಾವು ಮುಟ್ಟುವುದಿಲ್ಲ ಎಂದರು. ಬಲಗೈಗೆ ಹೊಸದಾಗಿ ಸ್ಕ್ಯಾನ್ ಆಗಬೇಕು, ಮುಂದಿನ ವಾರ ಬನ್ನಿ ಎಂದು ಹೇಳಿ, ಹೋಗುವ ಮೊದಲು ಆ ಎಡಗೈಯನ್ನು ಒಮ್ಮೆ ಮೆಲ್ಲಗೆ ತಟ್ಟಿದರು.

ಅಶ್ವಿನಿಗೆ ರಜೆ ಹಾಳಾದ ಸಿಟ್ಟು. "ಪಪ್ಪಾ, ಬಸ್ ಇತನೀ ಸೀ ಬಾತ್? ನಮ್ಮ ಆಫೀಸ್‌ನಲ್ಲಿ ಮೇರೀ ಬಾಸ್ ಭೀ ಲೆಫ್ಟೀ ಹೈ" ಅಂದಳು. ಇಷ್ಟೇ ವಿಷಯವೇ, ನನ್ನ ಬಾಸ್ ಕೂಡ ಎಡಗೈಯವರೇ. ಶೀನಣ್ಣ ಮಗಳನ್ನೇ ನೋಡಿದರು. ಅವರು ಬದುಕಿಡೀ ತೊಡೆಯ ಕೆಳಗೆ ಅಡಗಿಸಿಟ್ಟದ್ದು ಅವಳಿಗೆ ಒಂದು ಮಾತೇ ಆಗಿರಲಿಲ್ಲ. ಆಮೇಲೆ ನಕ್ಕರು. ಗೌನು ಬಿಚ್ಚಿ ಶರ್ಟು ಹಾಕಿಕೊಳ್ಳುವಾಗಲೂ ನಗುತ್ತಲೇ ಇದ್ದರು.

ಬಲಗೈಯ ಮಣಿಕಟ್ಟಿನ ನಾಳ ಸಣ್ಣದಿತ್ತು. ಹಾಗಾಗಿ ಮೊಣಕೈಯ ಒಳಬದಿಗೆ ಆಪರೇಷನ್ ಆಯಿತು. ಕೈಯಷ್ಟೇ ಮರಗಟ್ಟಿಸಿದ್ದರಿಂದ ಅವರಿಗೆ ಎಚ್ಚರವಿತ್ತು. ಪರದೆಯ ಆಚೆ ಡಾಕ್ಟರುಗಳು ಮಧ್ಯಾಹ್ನ ಎಲ್ಲಿ ಊಟ ಮಾಡುವುದೆಂದು ಮಾತಾಡಿಕೊಳ್ಳುತ್ತಿದ್ದರಂತೆ. ಶೀನಣ್ಣ ಪರದೆಯ ಈಚೆಯಿಂದಲೇ ನಮ್ಮ ಹೋಟೆಲಿಗೆ ಬನ್ನಿ ಎಂದು ದಾರಿ ಹೇಳಿದ್ದರು. ವಾರ್ಡಿಗೆ ಬಂದ ಮೇಲೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಊಟದ ತಟ್ಟೆ ಬಂತು. ಸುಮತಿಯಕ್ಕ ಮೊಸರನ್ನ ಕಲಸಿ ತುತ್ತು ಮಾಡಿದರು. ಶೀನಣ್ಣ ಬೇಡವೆಂದು ತಲೆಯಾಡಿಸಿ, ಗೋಡೆಯ ಕಡೆ ತಿರುಗಿ, ಎಡಗೈಯಲ್ಲಿ ಊಟ ಮಾಡಿದರು. ಒಂದು ಅಗುಳೂ ಕೆಳಗೆ ಬೀಳಲಿಲ್ಲ. ಮೀಸೆ ಮೂಡುವಾಗ ಬಿಟ್ಟದ್ದನ್ನು ಕೈ ಮರೆತಿರಲಿಲ್ಲ.

ಗಾಯ ಮಾಗಿತು. ಮೊಣಕೈಯ ಬಳಿ ಚರ್ಮದ ಕೆಳಗೆ ಏನೋ ಗುಂಯ್ಗುಟ್ಟತೊಡಗಿತು. ಹಾಗೆ ಗುಂಯ್ಗುಟ್ಟಿದರೆ ಫಿಸ್ಟುಲಾ ಸರಿಯಿದೆ ಎಂದರ್ಥ, ದಿನಾ ಮುಟ್ಟಿ ನೋಡಬೇಕು ಎಂದು ಡಾಕ್ಟರ್ ಹೇಳಿದ್ದರು. ಅದನ್ನು ಶೀನಣ್ಣ ಗ್ರೈಂಡರ್ ಎಂದು ಕರೆದರು. ಬೆಳಿಗ್ಗೆ ಎದ್ದ ಕೂಡಲೇ ಸುಮತಿಯಕ್ಕ ಅಂಗೈ ಇಟ್ಟು ನೋಡಿ, ನಡೀತಾ ಉಂಟು ಎಂದರೆ ಮಾತ್ರ ಕಾಫಿ. ಕೈಗೆ ಬಲ ಬರಲೆಂದು ಮೆತ್ತನೆಯ ಚೆಂಡನ್ನು ಹಿಸುಕಬೇಕಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹಿಸುಕುತ್ತಿದ್ದರು. ಹಾಗಾಗಿ ಗಿರಾಕಿಗಳ ವ್ಯವಹಾರವೆಲ್ಲ ಎಡಗೈಗೆ ಬಂತು.

ಬಡಿಸುವ ಸರದಿಯೂ ಬಂತು. ಆವತ್ತು ಊರ ಕಡೆಯ ರಾಯರು ಬಂದಿದ್ದರು. ದೊಡ್ಡ ಹುದ್ದೆಯಲ್ಲಿರುವ ಮಗನ ಮನೆಯಲ್ಲಿದ್ದ ಹಿರಿಯರು, ಮಡಿವಂತರು, ಶೀನಣ್ಣನ ಮಾವನನ್ನೂ ಬಲ್ಲವರು. ಸಪ್ಲೈಯರ್ ಹೊರಗೆ ಹೋಗಿದ್ದ. ಬಲಗೈಯಲ್ಲಿ ಭಾರ ಹಿಡಿಯುವಂತಿಲ್ಲ. ಶೀನಣ್ಣ ಎಡಗೈಯಲ್ಲಿ ದೋಸೆಯ ತಟ್ಟೆ ಹಿಡಿದು ತಂದು ರಾಯರ ಮುಂದಿಟ್ಟರು. ರಾಯರು ಆ ಕೈಯನ್ನು ನೋಡಿದರು, ಆಮೇಲೆ ಮುಖವನ್ನು. ಪಕ್ಕದ ಮೇಜಿನಲ್ಲಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ. ಶೀನಣ್ಣ ಅಲುಗದೆ ನಿಂತು, "ಬಲಗೈ ಆಪರೇಷನ್ ಆಗಿದೆ ರಾಯರೇ" ಅಂದರು. ಅಯ್ಯೋ ಪಾಪ, ಪರವಾಗಿಲ್ಲ ಎಂದು ರಾಯರು ದೋಸೆ ಮುರಿದರು.

ಆ ಒಂದು ಮಾತು ಶೀನಣ್ಣನಿಗೆ ಪರವಾನಗಿ ಸಿಕ್ಕಂತಾಯಿತು. ಬ್ಯಾಂಡೇಜು ಹೋಗಿ, ಕೈ ವಾಸಿಯಾಗಿ, ತಟ್ಟೆಯೊಂದನ್ನು ಹಿಡಿಯಲು ಯಾವ ತೊಂದರೆಯೂ ಇಲ್ಲದಾದ ಮೇಲೂ ಅವರು ಎಡಗೈಯಲ್ಲೇ ಬಡಿಸಿದರು, ಎಡಗೈಯಲ್ಲೇ ಕುಂಕುಮ ಹಚ್ಚಿಕೊಂಡರು, ನಮ್ಮ ಎದುರೇ ಕೂತು ಎಡಗೈಯಲ್ಲಿ ಉಂಡರು. ಯಾರಾದರೂ ನೋಡಿದರೆ, ಬಲಗೈ ಆಪರೇಷನ್ ಆಗಿದೆ. ಹೇಳುವಾಗ ಮುಖದಲ್ಲಿ ನೋವು ತಂದುಕೊಳ್ಳುವುದನ್ನೂ ಕಲಿತಿದ್ದರು. ಸುಮತಿಯಕ್ಕ ಅತ್ತ ತಿರುಗಿ ನಗುತ್ತಿದ್ದರು.

ಡಯಾಲಿಸಿಸ್ ಶುರುವಾದ ಮೇಲೆ ಶೀನಣ್ಣ ಇಳಿದುಹೋದರು. ವಾರದಲ್ಲಿ ಮೂರು ದಿನ ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಸುಸ್ತಾಗಿ ಬರುತ್ತಿದ್ದರು. ನೀರನ್ನೂ ಅಳೆದು ಕುಡಿಯಬೇಕು. ಆದರೂ ಭಾನುವಾರ ಕಾವಲಿಯ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕೂತು, ಹತ್ತಿಪ್ಪತ್ತು ದೋಸೆಯಾದರೂ ಎರೆಯದೆ ಬಿಡುತ್ತಿರಲಿಲ್ಲ. ಈಗ ಅಡುಗೆಮನೆಯ ಬಾಗಿಲಲ್ಲಿ ಯಾರು ನಿಂತು ನೋಡಿದರೂ ಸೌಟು ಕೈ ಬದಲಿಸುತ್ತಿರಲಿಲ್ಲ. ಹಾಗೆ ಎರಡು ಚಳಿಗಾಲ ಕಳೆದವು.

ಕೊನೆಯ ಸಲ ಅವರನ್ನು ಕಂಡದ್ದು ಬಸ್ ಸ್ಟಾಪಿನ ಬಳಿ. ಮಂಜು ಮುಸುಕಿದ ಬೆಳಿಗ್ಗೆ, ನಾನು ಆಫೀಸಿಗೆ ಹೊರಟಿದ್ದೆ. ಮಂಕಿ ಟೋಪಿ, ಶಾಲು, ಹೆಗಲಿಗೊಂದು ಚೀಲ. ಡಯಾಲಿಸಿಸ್ಸಿಗೆ ಹೋಗಲು ಆಟೋ ಕಾಯುತ್ತಿದ್ದರು. ಸುಮತಿಯಕ್ಕನಿಗೆ ಜ್ವರವಂತೆ, ಒಬ್ಬರೇ ಹೊರಟಿದ್ದರು. ನಾನೂ ಬರುತ್ತೇನೆ ಅಂದೆ. ಬೇಡ, ಆಫೀಸು ತಪ್ಪಿಸಬೇಡಿ ಅಂದರು. ಊರಿನಿಂದ ಹೊಸ ಹುರುಳಿ ಬಂದಿದೆ, ಸಂಜೆ ಬಂದು ತೆಗೆದುಕೊಂಡು ಹೋಗಿ, ಚಳಿಗೆ ಸಾರು ಮಾಡಿ ಎಂದರು. ಆಟೋ ಬಂತು. ಹತ್ತಿ ಕೂತು, ಚಲೋ ಭಯ್ಯಾ ಎಂದವರು ಮತ್ತೆ ಅವನನ್ನು ನಿಲ್ಲಿಸಿ ತಲೆ ಹೊರಗೆ ಹಾಕಿದರು.

"ಹುರುಳಿ ಹುರಿದು ಬೇಯಿಸಿ, ಹಾಸನ. ಹಸಿ ಬೇಯಿಸಿದ್ರೆ ವಾಸನೆ ಬರ್ತದೆ."

ಸಂಜೆ ಹೋಗಿ ಹುರುಳಿ ತಂದೆ. ಅವರು ಒಳಗೆ ಮಲಗಿದ್ದರು, ಎಬ್ಬಿಸುವುದು ಬೇಡವೆಂದು ಬಂದುಬಿಟ್ಟೆ. ಆ ವಾರದ ಕೊನೆಗೆ ನಿದ್ದೆಯಲ್ಲೇ ಅವರ ಹೃದಯ ನಿಂತಿತು. ಬೆಳಿಗ್ಗೆ ಸುಮತಿಯಕ್ಕ ಎಂದಿನಂತೆ ಮೊಣಕೈಯ ಮೇಲೆ ಅಂಗೈ ಇಟ್ಟಾಗಲೇ ತಿಳಿದದ್ದು.

ಹೋಟೆಲು ಕೆಲವು ದಿನ ಮುಚ್ಚಿ ಮತ್ತೆ ತೆರೆಯಿತು. ಗಲ್ಲಾಪೆಟ್ಟಿಗೆಯಲ್ಲಿ ಸುಮತಿಯಕ್ಕ, ಕಾವಲಿಗೆ ವಾರವಿಡೀ ಭಟ್ಟರು. ನನ್ನನ್ನು ಊರಿನ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಎಲ್ಲಿ ಜಾಗವಿದೆಯೋ ಅಲ್ಲಿ ಕೂರುತ್ತೇನೆ. ಮೊನ್ನೆ ಭಾನುವಾರ ನನ್ನ ಎದುರಿಗೆ ರಾಯರು ಬಂದು ಕೂತರು. ದೋಸೆ ಬರುವ ತನಕ ಶೀನಣ್ಣನ ಮಾತೇ ಆಡಿದರು. ಒಳ್ಳೆಯ ಮನುಷ್ಯ, ಮಾವನ ಹೆಸರು ಉಳಿಸಿದ ಎಂದರು. ಕಣ್ಣು ತುಂಬಿಕೊಂಡು, "ಪಾಪ, ಆ ಬಲಗೈ ಒಂದು ಕೊನೆಯ ತನಕ ಸರಿಯಾಗ್ಲೇ ಇಲ್ಲ ನೋಡಿ" ಅಂದರು.

"ಹೌದು ರಾಯರೇ, ಸರಿಯಾಗಲೇ ಇಲ್ಲ" ಅಂದೆ.