ತಲೆ ನಾಯಿಯ ಪಾಲು

ಮೊನ್ನೆ ಕೊಟ್ಟೂರಿನ ಸಂತೆಯಲ್ಲಿ ಮೇಕೆಯೊಂದರ ತೊಡೆ ಸವರುವಾಗ ಬೆರಳಿಗೆ ಮೆತ್ತನೆಯ ಗಂಟು ಸಿಕ್ಕಿತು. ಒತ್ತಿದರೆ ಒಳಗೆ ನೀರು ಜಾರುತ್ತದೆ. ಮೇಕೆ ಕೊಳ್ಳುವವನೇನಲ್ಲ ನಾನು. ಕಂಡ ಮೇಕೆಯ ಮೈ ಮುಟ್ಟುವುದು ತಂಬ್ರಹಳ್ಳಿಯ ದೊಡ್ಡಮ್ಮನಿಂದ ಬಂದ ಚಾಳಿ. ಆ ಗಂಟು ನನ್ನ ನೆನಪನ್ನು ಸೀದಾ ಅವಳ ಕುರಿಹಟ್ಟಿಗೇ ಒಯ್ದು ನಿಲ್ಲಿಸಿತು ನೋಡಿ.

ಅವಳ ಹಿಂಡಿಗೆ ಕೆಂಪಿ ಎಂಬ ಕುರಿಯೇ ಮುಂದಾಳು. ಅಂಥದ್ದು ಒಂದು ದಿನ ನಿಂತಲ್ಲೇ ಗರಗರ ಸುತ್ತತೊಡಗಿತು. ನಂಬಿದ ಕುರಿಗಳೂ ಹಿಂದೆಯೇ ಒಂದು ಸುತ್ತು ಹಾಕಿದವು. ನಾನು ನಕ್ಕೆ.

"ನಗಬ್ಯಾಡಲೇ, ಸುತ್ತುಬ್ಯಾನಿ ಅದು. ನೀನೂ ಮದಿವಿಗಿಂತ ಮುಂಚೆ ಹಿಂಗ ಸುತ್ತಿದ್ದಿ. ನಿನಗ ಮದ್ದು ಸಿಕ್ತು, ಇದಕ್ಕ ಸಿಗಬೇಕಲ್ಲ" ಎಂದಳು ದೊಡ್ಡಮ್ಮ. ಮಾತು ಹಗುರವಾಗಿತ್ತು, ಕೈ ಕೆಂಪಿಯ ಹಣೆ ಬಿಟ್ಟಿರಲಿಲ್ಲ.

ದನದ ಡಾಕ್ಟರಮ್ಮ ಬಂದರು. ಹಟ್ಟಿಯಲ್ಲೊಂದು ಮೇಕೆಗೆ ತೊಡೆಯಲ್ಲಿ ಗಂಟಿತ್ತು. ಮೊದಲು ಅದನ್ನು ಕೊಯ್ದರು. ಹೊರಬಂದದ್ದು ತೆಳ್ಳನೆಯ ನೀರಿನ ಚೀಲ, ಒಳಗೆ ನುಚ್ಚಿನಂಥ ಬಿಳಿ ಚುಕ್ಕೆ.

"ಹುಳದ ಮರಿಗಳ್ರಿ ಇವು. ಹುಲ್ಲಿನ ಕೂಡ ಮೊಟ್ಟಿ ಹೊಟ್ಟಿಗೆ ಹೋಗಿ ಆಗ್ತಾವ. ಕೆಂಪಿ ಮಿದುಳಾಗೂ ಇಂಥದ ಚೀಲ ಐತಿ."

"ಇದಕ್ಕ ತೊಡಿ, ಅದಕ್ಕ ತಲಿ ಯಾಕವ್ವ?"

"ಹುಳ ಒಂದ ಆದ್ರೂ ತಳಿ ಬ್ಯಾರೆ ಇರ್ತಾವಂತ. ಒಂದು ಮಿದುಳಿಗೇ ಹೋಗ್ತೈತಿ, ಒಂದು ಮಾಂಸಕ್ಕ. ದಾರಿ ಯಾರು ಹೇಳಿಕೊಟ್ರು ಅಂತ ಪೂರ್ತಿ ತಿಳಿದಿಲ್ರಿ."

ನಾನು ಆ ಚೀಲವನ್ನೇ ನೋಡುತ್ತ ಕುಳಿತೆ. ಹುಲ್ಲಿಗಂಟಿದ ಕಾಣದಷ್ಟು ಸಣ್ಣ ಮೊಟ್ಟೆ, ಕಣ್ಣಿಲ್ಲ, ಕಾಲಿಲ್ಲ. ಹೊಟ್ಟೆ ದಾಟಿ, ರಕ್ತದಲ್ಲಿ ತೇಲಿ, ಅಷ್ಟು ದೊಡ್ಡ ಮೈಯಲ್ಲಿ ತನ್ನದೇ ಜಾಗ ಗುರುತಿಸಿ ಇಳಿಯುತ್ತದೆ. ಬೋರ್ಡು ಓದಬಲ್ಲ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಕೂಡ್ಲಿಗಿ ಬಸ್ಸೆಂದು ಹಡಗಲಿ ಬಸ್ಸು ಹತ್ತಿದವನು.

"ಮೊಟ್ಟಿ ಎಲ್ಲಿಂದ ಬಂತು?" ದೊಡ್ಡಮ್ಮ ಕೇಳಿದಳು.

ಡಾಕ್ಟರಮ್ಮ ಕಾವಲುನಾಯಿ ಕರಿಯನತ್ತ ನೋಡಿದರು. ಸತ್ತ ಕುರಿಯ ತಲೆ ಕಾವಲುನಾಯಿಯ ಪಾಲು, ಅದು ಹಟ್ಟಿಯ ರೀತಿ. ಹಿಂದಿನ ವರ್ಷ ಸುತ್ತಿ ಸತ್ತ ಕುರಿಯ ತಲೆಯೂ ಅವನಿಗೇ ಸಂದಿತ್ತು. ಹುಳ ಅವನ ಹೊಟ್ಟೆಯಲ್ಲಿ ಬೆಳೆದು, ಮೊಟ್ಟೆ ಅವನ ಮಲದೊಡನೆ ಹುಲ್ಲಿಗೆ ಬಿದ್ದಿತ್ತು.

ಕೆಂಪಿ ಉಳಿಯಲಿಲ್ಲ. ಕರಿಯ ಎಂದಿನ ಜಾಗದಲ್ಲಿ ಬಾಲ ಬಡಿಯುತ್ತ ಕುಳಿತ. ದೊಡ್ಡಮ್ಮ ತಲೆಯನ್ನು ಆಳದ ಗುಂಡಿಗಿಟ್ಟು, ಮುಚ್ಚಿ, ಕಲ್ಲು ಹೇರಿ, ಅದರ ಮೇಲೆ ತಾನೇ ಕುಳಿತಳು. ಹುಳದ ಗುಳಿಗೆಯನ್ನು ರೊಟ್ಟಿಯಲ್ಲಿ ಮಡಚಿ ನೀಡುತ್ತ, "ನೀ ತ್ವಾಳ ಓಡಿಸಿದ್ದು ಮರೆತಿಲ್ಲೋ ಮಗನ. ಇವತ್ತು ನನ್ನ ಪಾಲು ತಿನ್ನು" ಎಂದಳು. ಅವನು ರೊಟ್ಟಿ ತಿಂದು, ಕಲ್ಲನ್ನೇ ನೋಡಿದ.

"ಗಂಟು ಅಷ್ಟ ರೀ ಅದು, ಕೊಯ್ದು ಒಗದ್ರಾತು" ಎಂದ ಸಂತೆಯ ಮೇಕೆಯವನು, ನನ್ನ ಬೆರಳು ಇನ್ನೂ ಗಂಟಿನ ಮೇಲೇ ಇದ್ದುದನ್ನು ನೋಡಿ.

"ಒಗಿಬ್ಯಾಡ್ರಿ. ಹೂಳ್ರಿ" ಎಂದೆ.

ಬೆರಳಡಿ ನೀರು ಇನ್ನೊಮ್ಮೆ ಜಾರಿತು. ತನ್ನ ಜಾಗ ಹುಡುಕಿ ಮುಟ್ಟಿದ ಹುಳ ಈಗ ಯಾವುದೋ ನಾಯಿಯ ಹಸಿವಿಗೆ ಕಾಯುತ್ತಿತ್ತು. ಗಾಡಿಯ ನೆರಳಲ್ಲಿ ಮಲಗಿದ್ದ ನಾಯಿಯೊಂದು ತಲೆಯೆತ್ತಿ, ನನ್ನ ಕೈ ನೋಡಿ, ಬಾಲ ಅಲ್ಲಾಡಿಸಿತು.