ಸೀದ ಸಾರಿನ ಪರಿಮಳ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಸೀದ ವಾಸನೆ ಬಂತು. ಬೇರೆಯವರಾದರೆ ಓಡಿಹೋಗಿ ಒಲೆ ಆರಿಸುತ್ತಿದ್ದರು. ನಾನು ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡು ನಿಂತೆ. ಹೆಂಡತಿ ಪಾತ್ರೆ ಇಳಿಸಿ, ನನ್ನ ಮುಖವನ್ನೊಮ್ಮೆ ನೋಡಿ ತನ್ನ ಕೆಲಸಕ್ಕೆ ಹೋದಳು. ಅವಳಿಗೆ ಕಾರಣ ಗೊತ್ತು. ನಿಮಗೆ ಗೊತ್ತಿಲ್ಲವಲ್ಲ, ಕೂತುಕೊಳ್ಳಿ, ಹೇಳುತ್ತೇನೆ.

ಅರಿಶಿನಕುಂಟೆಯ ನಮ್ಮ ದೊಡ್ಡಮ್ಮನಿಗೆ ದೇವರು ಕೊಟ್ಟ ಆಸ್ತಿಯೆಂದರೆ ಮೂಗು. ಹೆದ್ದಾರಿಯ ಲಾರಿ ಹೊಗೆಯ ನಡುವೆಯೂ ಯಾರ ಮನೆಯಲ್ಲಿ ಹುರುಳಿ ಬೇಯುತ್ತಿದೆ, ಯಾರ ಒಗ್ಗರಣೆಗೆ ಇಂಗು ಹೆಚ್ಚಾಯಿತು ಎಂದು ಜಗಲಿಯಲ್ಲಿ ಕೂತೇ ತೀರ್ಪು ಕೊಡುತ್ತಿದ್ದಳು. ಅವಳು ಹಿತುಕಿದ ಅವರೆಬೇಳೆ ಸಾರು ಮಾಡಿದ ದಿನ ನೆಲಮಂಗಲದಲ್ಲಿದ್ದ ನನ್ನ ಸ್ಕೂಟರಿಗೆ ಹೇಗೋ ತಿಳಿದುಬಿಡುತ್ತಿತ್ತು. ಬಳಗದವರ ಗಾಡಿಗಳೂ ಹಾಗೇ. ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದವರೆಲ್ಲ ಉಂಡೇ ಏಳುತ್ತಿದ್ದೆವು.

ಹೀಗಿರುವಾಗ ದೊಡ್ಡಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಆಪರೇಷನ್ ಆಗಿ ಕೀಮೋ ಶುರುವಾಯಿತು. ಅವಳ ಮಗಳ ಮಗಳು, ನನ್ನನ್ನು ಮಾವ ಎನ್ನುವ ಪಲ್ಲವಿ, ಬೆಂಗಳೂರಿನ ಲ್ಯಾಬೊಂದರಲ್ಲಿ ಇದರ ಮೇಲೆಯೇ ಸಂಶೋಧನೆ ಮಾಡುವ ಹುಡುಗಿ. ಅಜ್ಜಿ ಬಿಡದೆ ಕೇಳಿದ್ದಕ್ಕೆ ಹಾಸಿಗೆ ಪಕ್ಕ ಕೂತು ವಿವರಿಸಿದಳು. ನಮ್ಮ ಜೀವಕೋಶಗಳಿಗೆ ಮೂಗಿನಂಥದ್ದು ಇರುತ್ತದಂತೆ, ಅದಕ್ಕೆ ಕೀಮೋಕೈನ್ ರಿಸೆಪ್ಟರ್ ಎಂದು ಹೆಸರು. ಆಸ್ಪತ್ರೆಯ ಕೀಮೋಗೂ ಇದಕ್ಕೂ ಸಂಬಂಧವಿಲ್ಲ, ಕೀಮೋಕೈನ್ ಎಂದರೆ ಒಂದು ಥರದ ವಾಸನೆ ಅಂದುಕೊಳ್ಳಿ. ಅದು ಬಂದ ದಿಕ್ಕಿಗೆ ಕೋಶ ಹೊರಡುತ್ತದೆ. ಕಾವಲಿನ ಕೋಶಗಳು ರೋಗವಿರುವ ಜಾಗಕ್ಕೆ ಹೋಗುವುದೂ ಹೀಗೇ. ಆದರೆ ಗಡ್ಡೆ ಮಹಾ ಖದೀಮ. ತಾನೂ ವಾಸನೆ ಬಿಟ್ಟು, ತನ್ನ ಕೆಲಸಕ್ಕೆ ಬೇಕಾದವರನ್ನು ಕರೆಸಿಕೊಂಡು ಬೆಳೆಯುತ್ತದೆ. ಅದರ ಕೋಶಗಳು ವಾಸನೆಯ ಜಾಡು ಹಿಡಿದು ಬೇರೆ ಅಂಗಗಳಿಗೂ ಹೋಗಿ ಬಿಡಾರ ಹೂಡುತ್ತವೆ.

"ಅಂದ್ರೆ ನಮ್ಮ ನೆಂಟ್ರು," ಎಂದಳು ದೊಡ್ಡಮ್ಮ, ನನ್ನ ಕಡೆಯೇ ನೋಡಿ.

ಪಲ್ಲವಿಯ ಲ್ಯಾಬಿನಲ್ಲಿ ನಡೆಯುತ್ತಿದ್ದದ್ದು ಲಸಿಕೆಯ ಕೆಲಸ. ಲಸಿಕೆ ಕಾವಲಿನವರಿಗೆ ಗಡ್ಡೆಯ ಗುರುತು ಕಲಿಸುತ್ತದಂತೆ. ಗುರುತು ಗೊತ್ತಿದ್ದರೆ ಸಾಲದು, ಅಲ್ಲಿಗೆ ಹೋಗಿ ಸೇರಲು ಸರಿಯಾದ ಮೂಗೂ ಬೇಕು, ಅದಕ್ಕೇ ಒದ್ದಾಡುತ್ತಿದ್ದಾರೆ. ಸದ್ಯಕ್ಕೆ ಇಲಿಗಳ ಮೇಲೆ ಪರೀಕ್ಷೆ. ಇದನ್ನು ಕೇಳಿ ದೊಡ್ಡಮ್ಮನಿಗೆ ಸಿಟ್ಟು ಬಂತು. ಅಟ್ಟದ ರಾಗಿ ತಿಂದು ಕೊಬ್ಬಿದ ಇಲಿಗೆ ಮೊದಲು, ಸ್ವಂತ ಅಜ್ಜಿಗೆ ಆಮೇಲೆಯೇ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಅಷ್ಟರಲ್ಲಿ ಕೀಮೋ ಅವಳ ಮೂಗನ್ನೇ ಕಿತ್ತುಕೊಂಡಿತು. ಕಾಫಿಯೂ ಒಂದೇ, ಕಷಾಯವೂ ಒಂದೇ. ಚಿಕಿತ್ಸೆ ಇನ್ನೂ ಅರ್ಧ ಉಳಿದಿರುವಾಗ, ವಾಸನೆಯೇ ಇಲ್ಲದ ಮೇಲೆ ಬದುಕಿ ಏನು ಮಾಡಲಿ, ನಾಳೆ ಆಸ್ಪತ್ರೆಗೆ ಬರುವುದಿಲ್ಲ ಎಂದುಬಿಟ್ಟಳು. ಪಲ್ಲವಿ ಹೇಳಿ ಹೇಳಿ ಸೋತು ಹಿತ್ತಲಲ್ಲಿ ಅತ್ತಳು. ನನಗಂತೂ ದೊಡ್ಡಮ್ಮ ಇಲ್ಲದ ಅರಿಶಿನಕುಂಟೆಯನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಮಾತಿನಿಂದ ಆಗದ್ದನ್ನು ಸಾರಿನಿಂದ ಸಾಧಿಸುತ್ತೇನೆಂದು ಅವಳ ಅಡುಗೆಮನೆಗೆ ನುಗ್ಗಿದೆ. ನೆನೆಸಿದ ಅವರೆಕಾಳು ಹಿತುಕಿದೆ. ಅರ್ಧ ಪಾತ್ರೆಗೆ ಬಿತ್ತು, ಅರ್ಧ ಗೋಡೆಗೆ ಹಾರಿತು. ಆದರೂ ಸಾರು ಕುದಿದು ಘಮ್ಮೆಂದಿತು. ಘಮ್ಮೆಂದದ್ದೇ ತಡ, ಬ್ರೆಡ್ಡಿನ ಪೊಟ್ಟಣ ಹಿಡಿದು, ಕಾಯಿಲೆಯವರನ್ನು ನೋಡಿಕೊಂಡು ಹೋಗಲು ನೆಂಟರು ಬಂದೇಬಿಟ್ಟರು. ಚಾಪೆ ಹಾಸಿ, ನೀರು ಕೊಟ್ಟು, ಡಾಕ್ಟರು ಏನಂದರೆಂದು ಒಬ್ಬೊಬ್ಬರಿಗೂ ಮೊದಲಿಂದ ಹೇಳುವಷ್ಟರಲ್ಲಿ ನನಗೆ ಒಲೆ ಮರೆತೇಹೋಯಿತು.

ಒಳಕೋಣೆಯಿಂದ ದೊಡ್ಡಮ್ಮನ ದನಿ ಬಂತು. "ಲೇ, ಸಾರು ಸೀದೋಯ್ತಾ ಐತೆ ಕಣೋ."

ನಮ್ಮಲ್ಲಿ ಒಬ್ಬರಿಗೂ ವಾಸನೆ ಇನ್ನೂ ತಟ್ಟಿರಲಿಲ್ಲ. ಪಲ್ಲವಿ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ನನಗೆ ಅಷ್ಟು ಜನರ ಮುಂದೆ ಅಳು ಬಂತು. ಆಮೇಲೆ ಹೊಗೆ ನಡುಮನೆಗೂ ನುಗ್ಗಿತು, ನೆಂಟರು ಒಬ್ಬೊಬ್ಬರಾಗಿ ಮನೆಯ ಕೆಲಸ ನೆನಪು ಮಾಡಿಕೊಂಡು ಚಪ್ಪಲಿ ಹುಡುಕಿದರು. ಗಡ್ಡೆ ಕರೆದವರನ್ನು ವಾಪಸ್ ಕಳಿಸುವ ಔಷಧಿಯನ್ನು ಲ್ಯಾಬಿನವರು ಇನ್ನೂ ಹುಡುಕುತ್ತಿದ್ದಾರೆ, ಮಾವ ಒಂದೇ ಸಾರಿನಲ್ಲಿ ಕಂಡುಹಿಡಿದರು ಎಂದಳು ಪಲ್ಲವಿ, ಕಣ್ಣೊರೆಸಿಕೊಂಡು.

ದೊಡ್ಡಮ್ಮ ಗೋಡೆ ಹಿಡಿದು ನಡೆದು ಬಂದಳು. ಪಾತ್ರೆಯ ಕಪ್ಪು ತಳ ನೋಡಿದಳು, ನನ್ನನ್ನು ನೋಡಿದಳು.

"ನಾಳೆ ಎಷ್ಟೊತ್ಗೆ ಆಸ್ಪತ್ರೆ? ಈ ಒಲೆನ ನಿನ್ ಕೈಗೆ ಬಿಟ್ಟು ನಾನು ಸಾಯಕ್ಕಾಗಲ್ಲ."

ಇವತ್ತು ಸೀದ ಪಾತ್ರೆಗೆ ನೀರು ಹಾಕಿಟ್ಟು ಅರಿಶಿನಕುಂಟೆಗೆ ಫೋನ್ ಮಾಡಿದೆ. ಫೋನಿನಲ್ಲಿ ವಾಸನೆ ಹೋಗುವುದಿಲ್ಲ ಎಂದು ಪಲ್ಲವಿ ಪ್ರಮಾಣ ಮಾಡಿ ಹೇಳುತ್ತಾಳೆ. ನಾನು ಬಾಯಿ ತೆರೆಯುವ ಮುಂಚೆಯೇ ದೊಡ್ಡಮ್ಮ, "ಏನೋ ಇವತ್ತು ಸೀಸಿದ್ದು?" ಎಂದಳು. ಸೀಸಿದ್ದು ನನ್ನ ಹೆಂಡತಿ ಎಂದು ನಾನು ಹೇಳಲಿಲ್ಲ. ದೊಡ್ಡಮ್ಮನ ಕೈಲಿ ಬೈಸಿಕೊಳ್ಳುವ ಸುಖವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.